ಯಜಮಾನರಿಲ್ಲದ ಆಫೀಸಿಗೆ ಬೆಲೆ ಎಷ್ಟು?

ನಮ್ಮ ಕ್ಯಾಂಪಸ್‌ನಲ್ಲಿ ‘ಕನ್ಸಲ್ಟೆನ್ಸಿ’ ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಸೂಟು, ಲ್ಯಾಪ್‌ಟಾಪು, ಏರ್‌ಪೋರ್ಟು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಮೆಕಿನ್ಸಿ ಹೆಸರು ಹೇಳ್ಕೊಂಡು ಕೇಸ್ ಸ್ಟಡಿ ಪ್ರಾಕ್ಟೀಸ್ ಮಾಡೋರ ಗುಂಪೇ ಒಂದಿರುತ್ತೆ. ಆದ್ರೆ ನಮ್ಮ ಊರುಗಳಲ್ಲಿರೋ ಕನ್ಸಲ್ಟೆನ್ಸಿ ಬೇರೆ ಥರ. ಮೆಡಿಕಲ್ ಶಾಪ್ ಮೇಲೆ ಮೊದಲನೇ ಮಹಡಿ, ಎರಡು ರೂಮು, ಒಂದು ಪ್ಲಾಟರ್, ಮೂಲೆಯಲ್ಲಿ ಸುತ್ತಿಟ್ಟ ಡ್ರಾಯಿಂಗ್‌ಗಳು, ಒಬ್ಬ ಅಸಿಸ್ಟೆಂಟು, ಬೋರ್ಡಿನ ಮೇಲೆ ಯಜಮಾನರ ಹೆಸರು. ಮನೆ ಕಟ್ಟೋರಿಗೆ ಸ್ಟ್ರಕ್ಚರಲ್ ಡಿಸೈನ್, ಬ್ಯಾಂಕ್ ಲೋನಿಗೆ ಎಸ್ಟಿಮೇಟು, ಪಾಲಿಕೆಗೆ ಪ್ಲಾನು. ನಮ್ಮ ಕ್ಲಾಸಲ್ಲೇ ಇಂಥ ಆಫೀಸು ನಡೆಸೋ ಅಪ್ಪ-ಅಮ್ಮ ಇರೋರು ಒಂದಿಷ್ಟು ಜನ ಇದ್ದಾರೆ. ಆ ಆಫೀಸು ನೋಡ್ಕೊಂಡೇ ಸಿವಿಲ್ ತಗೊಂಡೋರೂ ಇದ್ದಾರೆ.

ನಾನು ಇಲ್ಲಿ ಕೇಳೋ ಪ್ರಶ್ನೆ ಸ್ವಲ್ಪ ಕಹಿ. ಬೋರ್ಡಿನ ಮೇಲೆ ಹೆಸರಿರೋ ಆ ವ್ಯಕ್ತಿ ಇದ್ದಕ್ಕಿದ್ದ ಹಾಗೆ ತೀರಿಕೊಂಡ್ರೆ ಆಫೀಸಿಗೆ ಏನಾಗುತ್ತೆ? ಅದನ್ನ ಮಾರಬಹುದಾ? ಯಾರಿಗೆ? ಎಷ್ಟಕ್ಕೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮಾರಬಹುದು, ಮಾರಬೇಕು, ಅದೂ ಬೇಗ ಮಾರಬೇಕು. ಇದರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ. ಯಾಕಂದ್ರೆ ಇಂಥ ಆಫೀಸು ಮಾರೋದು ಅಂದ್ರೆ ಬರೀ ದುಡ್ಡಿನ ವಿಷಯ ಅಲ್ಲ. ಅರ್ಧಕ್ಕೆ ನಿಂತ ಕೆಲಸಗಳ ಜವಾಬ್ದಾರಿನ ಸರಿಯಾದ ಕೈಗೆ ಒಪ್ಪಿಸೋದು. ಆದ್ರೆ ನಮ್ಮ ಮನೆಗಳಲ್ಲಿ ಈ ಮಾತು ಶುರುವಾಗೋ ಹೊತ್ತಿಗೆ ಮಾರೋಕೆ ಏನೂ ಉಳಿದಿರಲ್ಲ.

ಆಫೀಸು ಅಂತ ಬೇರೆ ಏನೂ ಇಲ್ಲ

ಮೊದಲು ಕಾನೂನಿನ ಕಡೆಯಿಂದ ನೋಡೋಣ. ನಮ್ಮೂರಿನ ಹೆಚ್ಚಿನ ಸಣ್ಣ ಕನ್ಸಲ್ಟೆನ್ಸಿಗಳು ಪ್ರೊಪ್ರೈಟರ್‌ಶಿಪ್‌ಗಳು. ಅಂದ್ರೆ ಒಬ್ಬರ ಹೆಸರಲ್ಲಿ ನಡೆಯೋ ವ್ಯವಹಾರ. ಬೋರ್ಡಿನ ಮೇಲೆ ‘ಅಸೋಸಿಯೇಟ್ಸ್’ ಅಂತ ಬರೆದಿದ್ರೂ ಕಾನೂನಿನ ಕಣ್ಣಿಗೆ ಕಾಣೋದು ಒಬ್ಬ ಮನುಷ್ಯ ಮಾತ್ರ. ಅವರ ಪ್ಯಾನೇ ಆಫೀಸಿನ ಪ್ಯಾನ್. ಅವರ ಸಾಲವೇ ಆಫೀಸಿನ ಸಾಲ. ಕಂಪನಿಯಾದ್ರೆ ಮಾಲೀಕ ಹೋದ್ರೂ ಕಂಪನಿ ಇರುತ್ತೆ, ಷೇರು ವಾರಸುದಾರರಿಗೆ ಹೋಗುತ್ತೆ. ಇಲ್ಲಿ ಹಾಗಲ್ಲ. ಮನುಷ್ಯ ಹೋದ ದಿನವೇ ಆಫೀಸೂ ಹೋಯ್ತು. ಉಳಿಯೋದು ಅವರ ಆಸ್ತಿ ಮತ್ತೆ ಅವರ ಬಾಕಿ.

ಒಪ್ಪಿಕೊಂಡಿದ್ದ ಕೆಲಸಗಳ ಕಥೆ ಏನು? 1872ರ ಭಾರತೀಯ ಕರಾರು ಕಾಯ್ದೆಯ 37ನೇ ಸೆಕ್ಷನ್‌ನಲ್ಲಿ ಇದಕ್ಕೆ ಒಂದು ಚಂದದ ಉದಾಹರಣೆ ಇದೆ. ಒಬ್ಬ ಚಿತ್ರಕಾರ ಇಂಥ ದಿನದೊಳಗೆ ಇಷ್ಟು ಬೆಲೆಗೆ ಚಿತ್ರ ಬರೆದುಕೊಡ್ತೀನಿ ಅಂತ ಒಪ್ಪಿಕೊಳ್ತಾನೆ, ಆ ದಿನಕ್ಕೆ ಮುಂಚೆ ಸತ್ತು ಹೋಗ್ತಾನೆ. ಚಿತ್ರ ಕೊಡಿ ಅಂತ ಗಿರಾಕಿ ಅವನ ಮನೆಯವರನ್ನ ಕೇಳೋ ಹಾಗಿಲ್ಲ. ನಾವೇ ಬರೆದುಕೊಡ್ತೀವಿ, ದುಡ್ಡು ಕೊಡಿ ಅಂತ ಮನೆಯವರೂ ಹೇಳೋ ಹಾಗಿಲ್ಲ. ಸಾಮಾನು ಪೂರೈಸೋ ಕರಾರು ಮನೆಯವರ ಮೇಲೆ ಬರುತ್ತೆ. ಒಬ್ಬರ ಸ್ವಂತ ಕೌಶಲ ನಂಬಿ ಮಾಡ್ಕೊಂಡ ಕರಾರು ಬರಲ್ಲ. ಕನ್ಸಲ್ಟೆಂಟಿನ ಕೆಲಸ ಹೆಚ್ಚಾಗಿ ಈ ಎರಡನೇ ಜಾತಿಯದು. ಹಾಗಾಗಿ ‘ನಮ್ಮ ಹತ್ರ 20 ಪ್ರಾಜೆಕ್ಟ್ ಇದೆ, ಅದೆಲ್ಲ ಸೇರಿಸಿ ಮಾರ್ತೀವಿ’ ಅಂತ ಮನೆಯವರು ಹೇಳಿದ್ರೂ, ಆ 20 ಗಿರಾಕಿಗಳು ಹೊಸಬರನ್ನ ಒಪ್ಪಿಕೊಂಡ್ರೆ ಮಾತ್ರ ಆ ಮಾತಿಗೆ ಬೆಲೆ.

ಹಾಗಾದ್ರೆ ಮನೆಯವರ ಕೈಯಲ್ಲಿ ನಿಜವಾಗಿ ಉಳಿಯೋದೇನು? ಮುಗಿದ ಕೆಲಸಕ್ಕೆ ಬರಬೇಕಾದ ಫೀಸು ಉಳಿಯುತ್ತೆ. ಕಂಪ್ಯೂಟರು, ಪ್ಲಾಟರು, ಸರ್ವೆ ಉಪಕರಣ ಉಳಿಯುತ್ತೆ. ಹಳೇ ಫೈಲುಗಳು, ಡ್ರಾಯಿಂಗ್‌ಗಳು ಉಳಿಯುತ್ತೆ. ಡ್ರಾಯಿಂಗ್ ಮೇಲಿನ ಕಾಪಿರೈಟ್ ಕೂಡ ಆಸ್ತಿನೇ, ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ, ವಾರಸುದಾರರಿಗೆ ಬರುತ್ತೆ. ಜನ 20 ವರ್ಷದಿಂದ ಸೇವ್ ಮಾಡ್ಕೊಂಡಿರೋ ಫೋನ್ ನಂಬರ್ ಇರುತ್ತೆ. ಆಫೀಸಿನ ಹೆಸರು ಇರುತ್ತೆ. ಎಲ್ಲ ಗೊತ್ತಿರೋ ಒಬ್ಬ ಅಸಿಸ್ಟೆಂಟ್ ಇರ್ತಾರೆ, ಆದ್ರೆ ಅವರನ್ನಂತೂ ಮಾರೋಕೆ ಆಗಲ್ಲ.

ಉಳಿಯದೇ ಇರೋದು ಸಹಿ. ಪಾಲಿಕೆ ಕೊಟ್ಟ ಲೈಸೆನ್ಸು ಆ ವ್ಯಕ್ತಿಗೆ ಕೊಟ್ಟಿದ್ದು, ಆಫೀಸಿಗಲ್ಲ. ಡಿಜಿಟಲ್ ಸಿಗ್ನೇಚರ್ ಕೂಡ ಅಷ್ಟೇ. ಪಾಸ್‌ವರ್ಡ್ ಗೊತ್ತು, ಫೋನಿಗೆ ಓಟಿಪಿ ಬರುತ್ತೆ ಅಂತ ತೀರಿಕೊಂಡವರ ಹೆಸರಲ್ಲಿ ಸಹಿ ಒತ್ತೋದು ಅಪರಾಧದ ದಾರಿ, ಸಹಾಯ ಅಲ್ಲ.

ದೊಡ್ಡಪ್ಪನ ಆಫೀಸು

ಇದೆಲ್ಲ ನನಗೆ ತಲೆಗೆ ಹತ್ತಿದ್ದು ಪುಸ್ತಕ ಓದಿ ಅಲ್ಲ. ನಮ್ಮ ದೊಡ್ಡಪ್ಪ ದಾವಣಗೆರೆಯಲ್ಲಿ ಇಂಥದ್ದೇ ಒಂದು ಆಫೀಸು ನಡೆಸ್ತಿದ್ರು. ನಾನು ಸೆಕೆಂಡ್ ಪಿಯು ಇದ್ದಾಗ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ರು. ಅವರ ಮಗ, ನಮ್ಮ ಅಣ್ಣ, ಬೆಂಗಳೂರಲ್ಲಿ ಸಾಫ್ಟ್‌ವೇರ್. ದೊಡ್ಡಮ್ಮ ಆಫೀಸಿನ ಮೆಟ್ಟಿಲು ಹತ್ತಿದ್ದು ಆಯುಧಪೂಜೆಗೆ ಮಾತ್ರ.

ಕಾರ್ಯ ಮುಗಿಯೋ ತನಕ ಆಫೀಸಿನ ಮಾತು ಯಾರೂ ಎತ್ತಲಿಲ್ಲ. ಎತ್ತೋದೂ ಕಷ್ಟ ಬಿಡಿ. ಆದ್ರೆ ಐದನೇ ದಿನವೇ ಮನೆ ಕಟ್ಟಿಸ್ತಿದ್ದವರೊಬ್ಬರು ಬಂದು ಬಾಗಿಲಲ್ಲೇ ನಿಂತ್ಕೊಂಡ್ರು. “ಅಮ್ಮಾ, ತಪ್ಪು ತಿಳ್ಕೋಬೇಡಿ. ಸೋಮವಾರ ಸ್ಲ್ಯಾಬ್ ಹಾಕೋದಿದೆ. ಸಾರ್ ಬಂದು ಕಂಬಿ ನೋಡಿ ಹೂಂ ಅಂದ್ಮೇಲೇ ಕಾಂಕ್ರೀಟು ಅಂದಿದ್ರು. ಈಗ ಯಾರನ್ನ ಕೇಳ್ಲಿ?” ಅಂದ್ರು. ದೊಡ್ಡಮ್ಮನ ಹತ್ರ ಉತ್ತರ ಇರಲಿಲ್ಲ. ಅಲ್ಲಿದ್ದ ನೆಂಟರಲ್ಲಿ ಒಬ್ಬರು “ಇಂಥಾ ಹೊತ್ತಲ್ಲಿ ಬರ್ತಾರಲ್ಲ” ಅಂತ ಗೊಣಗಿದ್ರು. ನನಗೆ ಆ ಮನುಷ್ಯನದ್ದು ತಪ್ಪು ಅನ್ನಿಸಲಿಲ್ಲ. ಜೀವಮಾನದ ದುಡ್ಡು ಸುರಿದು ಮನೆ ಕಟ್ತಿರೋರು ಅವರು. ಸ್ಲ್ಯಾಬಿನ ಕಂಬಿ ನೋಡೋರಿಲ್ಲದೇ ಕಾಂಕ್ರೀಟ್ ಹಾಕಿದ್ರೆ ಮುಂದೆ ಅದರ ಕೆಳಗೆ ಮಲಗೋದು ಅವರ ಮಕ್ಕಳು.

ಆಮೇಲೆ ಆಗಿದ್ದು ಎಲ್ಲ ಕಡೆ ಆಗೋದೇ. ಎರಡು ತಿಂಗಳು ಆಫೀಸಿಗೆ ಬೀಗ. ಅಸಿಸ್ಟೆಂಟಿಗೆ ಸಂಬಳ ಕೊಡೋರು ಯಾರು ಅಂತ ಗೊತ್ತಾಗದೆ ಅವರು ಇನ್ನೊಬ್ಬ ಇಂಜಿನಿಯರ್ ಹತ್ರ ಸೇರಿಕೊಂಡ್ರು. ಮನೆಯಲ್ಲಿ ಎಲ್ಲರೂ ಅವರನ್ನ ಬೈದ್ರು, ಆದ್ರೆ ಅವರಿಗೂ ಸಂಸಾರ ಇದೆ. ಗಿರಾಕಿಗಳು ಅವರ ಹಿಂದೇ ಹೋದ್ರು. ಬಾಕಿ ಫೀಸಿಗೆ ಫೋನ್ ಮಾಡಿದ್ರೆ ಕೆಲವರು ಮರ್ಯಾದೆಯಿಂದ ತಂದು ಕೊಟ್ರು. ಕೆಲವರು “ಸಾರ್ ಕೈಗೇ ಕೊಟ್ಟಿದ್ದೀನಲ್ಲಮ್ಮಾ” ಅಂದ್ರು. ಕೊಟ್ಟಿದ್ರೋ ಇಲ್ವೋ, ದೇವರೇ ಬಲ್ಲ. “ಅವ್ರು ಒಂದು ಹಾಳೇಲಿ ಬರೆದಿಟ್ಟಿದ್ರೆ ಧೈರ್ಯವಾಗಿ ಕೇಳ್ತಿದ್ದೆ. ಏನೂ ಇಲ್ದೆ ಹೆಂಗ್ ಕೇಳ್ಲಿ?” ಅಂತ ದೊಡ್ಡಮ್ಮ ಒಂದು ಸಲ ಅಂದಿದ್ದು ನನಗೆ ಇನ್ನೂ ನೆನಪಿದೆ. ಎಂಟು ತಿಂಗಳಾದ್ಮೇಲೆ ಒಬ್ಬರು ಆಫೀಸು ಕೊಳ್ಳೋಕೆ ಅಂತ ಬಂದು ನೋಡಿದ್ರು. ಪ್ಲಾಟರು, ಟೇಬಲ್ಲು, ಎಸಿಗೆ ಬೆಲೆ ಕಟ್ಟಿ ತಗೊಂಡು ಹೋದ್ರು. 24 ವರ್ಷದ ಹೆಸರಿಗೆ ಒಂದು ರೂಪಾಯಿನೂ ಬರಲಿಲ್ಲ.

ಕೈಗುಣ ಮಾರೋಕೆ ಆಗುತ್ತಾ?

ಅಕೌಂಟ್ಸ್ ಭಾಷೆಯಲ್ಲಿ ಆ ಹೆಸರಿಗೆ ‘ಗುಡ್‌ವಿಲ್’ ಅಂತಾರೆ. ಕನ್ನಡದಲ್ಲಿ ಇದಕ್ಕೆ ಏನು ಹೇಳ್ತಾರೆ ಅಂತ ಅಜ್ಜೀನ ಕೇಳಿದೆ. ವಿವರಿಸಿ ಹೇಳಿದ್ಮೇಲೆ ಅಜ್ಜಿ “ಅದು ಕೈಗುಣ ಕಣೇ. ಡಾಕ್ಟ್ರು ಹೋದ್ಮೇಲೆ ಕಾಂಪೌಂಡರು ಅದೇ ಮಾತ್ರೆ ಕೊಟ್ರೂ ಜನ ಬರಲ್ಲ” ಅಂದ್ರು.

ಅಜ್ಜಿ ಹೇಳಿದ್ದು ಮುಕ್ಕಾಲು ಪಾಲು ನಿಜ. ಕೈಗುಣ ಮನುಷ್ಯನ ಜೊತೆ ಹೋಗುತ್ತೆ. ಆದ್ರೆ ಉಳಿದ ಕಾಲು ಭಾಗ ಇದೆಯಲ್ಲ, ಅದರ ಮೇಲೇ ನನ್ನ ವಾದ ನಿಂತಿರೋದು. ಅದು ನಂಬಿಕೆ. ಕೈಗುಣ ಕೈಯಿಂದ ಕೈಗೆ ದಾಟಲ್ಲ, ನಂಬಿಕೆ ದಾಟುತ್ತೆ. ಡಾಕ್ಟ್ರ ಹೆಂಡತಿಯೇ ‘ನಮ್ಮ ಮನೆಯವರ ಸ್ನೇಹಿತರು ಇವರು, ನಮಗೂ ಇವರೇ ನೋಡೋದು’ ಅಂತ ಒಬ್ಬರನ್ನ ತೋರಿಸಿದ್ರೆ ಅರ್ಧ ಜನ ಹೋಗ್ತಾರೆ. ಕನ್ಸಲ್ಟೆನ್ಸಿ ಕೊಳ್ಳೋರು ನಿಜವಾಗಿ ಕೊಳ್ಳೋದು ಈ ಪರಿಚಯವನ್ನ. ಅದಕ್ಕೆ ಜೀವ ಇರೋದು ಕೆಲವೇ ತಿಂಗಳು. ಮನೆ ಅರ್ಧಕ್ಕೆ ನಿಂತೋರು ಇನ್ನೊಬ್ಬ ಇಂಜಿನಿಯರ್‌ನ ಹುಡುಕಿಕೊಂಡ ಮೇಲೆ ನಿಮ್ಮ ಪರಿಚಯ ಯಾರಿಗೂ ಬೇಡ.

ಲೆಕ್ಕ ಹಾಕೋಣ

ಮನೆಯವರು ಬೆಲೆ ಹೇಳೋದು ಸಾಮಾನ್ಯವಾಗಿ ಹೀಗೆ: ‘ವರ್ಷಕ್ಕೆ 10 ಲಕ್ಷ ಉಳೀತಿತ್ತು, ಮೂರು ವರ್ಷದ್ದು 30 ಲಕ್ಷ ಕೊಡಿ.’ ಇದು ಯಾಕೆ ತಪ್ಪು ಅಂತ ಒಂದು ಲೆಕ್ಕದಲ್ಲಿ ನೋಡೋಣ. ಅಂಕಿಗಳು ಬರೀ ಉದಾಹರಣೆಗೆ.

ವರ್ಷಕ್ಕೆ ಫೀಸು 18 ಲಕ್ಷ ಅಂತ ಇಟ್ಕೊಳ್ಳಿ. ಬಾಡಿಗೆ, ಅಸಿಸ್ಟೆಂಟ್ ಸಂಬಳ, ಸಾಫ್ಟ್‌ವೇರು, ಪೆಟ್ರೋಲು ಎಲ್ಲ ಸೇರಿ 8 ಲಕ್ಷ ಖರ್ಚು. ಉಳಿಯೋದು 10 ಲಕ್ಷ. ಆದ್ರೆ ಈ ಖರ್ಚಿನಲ್ಲಿ ಯಜಮಾನರ ಸಂಬಳ ಎಲ್ಲಿದೆ? ಅವರ ಜಾಗಕ್ಕೆ ಅಷ್ಟೇ ಅನುಭವದ ಇಂಜಿನಿಯರ್‌ನ ಇಟ್ಕೊಂಡ್ರೆ 8 ಲಕ್ಷ ಕೊಡಬೇಕು ಅನ್ಕೊಳ್ಳಿ. ಆಗ ನಿಜವಾದ ಲಾಭ 2 ಲಕ್ಷ. ಕೊಳ್ಳೋಕೆ ಬಂದವರು ನೋಡೋದು ಆ 2 ಲಕ್ಷವನ್ನ. ಅವರು ಕಡಿಮೆ ಬೆಲೆ ಹೇಳಿದ್ರೆ ಅವಮಾನ ಮಾಡಿದ್ರು ಅಂತಲ್ಲ. ದೊಡ್ಡಪ್ಪನ ದುಡಿಮೆ ದೊಡ್ಡಪ್ಪನದ್ದೇ ಆಗಿತ್ತು, ಆಫೀಸಿನದ್ದಲ್ಲ.

ಹಾಗಾಗಿ ಒಂದೇ ಸಲ ದೊಡ್ಡ ಮೊತ್ತ ಕೇಳೋ ಬದಲು ಉಳಿದ ಗಿರಾಕಿಗಳ ಮೇಲೆ ಪಾಲು ಕೇಳೋದು ಜಾಣತನ. ಮುಂಗಡ 1 ಲಕ್ಷ. ಆಮೇಲೆ ಎರಡು ವರ್ಷ, ಹಳೇ ಗಿರಾಕಿಗಳಿಂದ ನಿಜವಾಗಿ ಬಂದ ಫೀಸಿನಲ್ಲಿ ನೂರಕ್ಕೆ 15. ನೂರಕ್ಕೆ 60ರಷ್ಟು ಕೆಲಸ ಉಳಿದ್ರೆ ವರ್ಷಕ್ಕೆ 10.8 ಲಕ್ಷ ಫೀಸು, ಅದರಲ್ಲಿ 1.62 ಲಕ್ಷ ಮನೆಯವರಿಗೆ, ಎರಡು ವರ್ಷಕ್ಕೆ 3.24 ಲಕ್ಷ. ಮುಂಗಡ ಸೇರಿ 4.24 ಲಕ್ಷ. ಹಳೇ ಬಾಕಿ ಫೀಸು ಇದಕ್ಕೆ ಸೇರಿಸಬಾರದು, ಅದು ಪೂರ್ತಿ ಮನೆಯವರದ್ದು. ಈಗ ಆರು ತಿಂಗಳು ತಡ ಮಾಡಿ ನೋಡಿ. ನೂರಕ್ಕೆ 20ರಷ್ಟೇ ಉಳಿದ್ರೆ ಅದೇ ಲೆಕ್ಕದಲ್ಲಿ ಎರಡು ವರ್ಷದ ಪಾಲು 1.08 ಲಕ್ಷ. ಆಗ ಮುಂಗಡ ಕೊಡೋರೂ ಸಿಗಲ್ಲ.

ಈ ರೀತಿ ಪಾಲು ಮಾಡಿದ್ರೆ ಇನ್ನೊಂದು ಲಾಭ ಇದೆ. ಗಿರಾಕಿಗಳನ್ನ ಪರಿಚಯ ಮಾಡಿಸೋಕೆ ಮನೆಯವರಿಗೂ ಮನಸ್ಸು ಬರುತ್ತೆ, ಚೆನ್ನಾಗಿ ನೋಡ್ಕೊಳ್ಳೋಕೆ ಕೊಂಡವರಿಗೂ ಕಾರಣ ಇರುತ್ತೆ. ಮೋಸ ಆಗಲ್ವಾ ಅಂದ್ರೆ, ಆಗಬಹುದು. ಅದಕ್ಕೇ ಗಿರಾಕಿಗಳ ಪಟ್ಟಿನ ಕರಾರಿನ ಜೊತೆಗೇ ಸೇರಿಸಿ ಇಬ್ಬರೂ ಸಹಿ ಹಾಕಬೇಕು.

ಯಾರಿಗೆ ಮಾರಬೇಕು?

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಮೊದಲು ಕೇಳಬೇಕಾಗಿರೋದು ಅಸಿಸ್ಟೆಂಟನ್ನ. ಯಾವ ಸೈಟಿನ ಯಾವ ಪಿಲ್ಲರ್ ಬದಲಾಯ್ತು, ಯಾರು ದುಡ್ಡು ಕೊಡ್ತಾರೆ, ಯಾರು ಓಡಿಸ್ತಾರೆ ಅಂತ ಗೊತ್ತಿರೋದು ಅವರಿಗೆ ಮಾತ್ರ. ನಮ್ಮ ದೊಡ್ಡಪ್ಪನ ಅಸಿಸ್ಟೆಂಟ್ ಡಿಪ್ಲೊಮಾ ಓದಿದವರು, ಸ್ಟ್ರಕ್ಚರಲ್ ಡಿಸೈನಿಗೆ ಸಹಿ ಹಾಕೋಕೆ ಆಗಲ್ಲ. ಆದ್ರೆ ಊರಲ್ಲೇ ಇರೋ ಇನ್ನೊಬ್ಬ ಇಂಜಿನಿಯರ್ ಜೊತೆ ಸೇರಿಸಿದ್ರೆ ಸಹಿ ಅವರದ್ದು, ನೆನಪು ಇವರದ್ದು. ಮೊದಲನೇ ವಾರದಲ್ಲೇ ಇಬ್ಬರನ್ನೂ ಕೂರಿಸಿ ಮಾತಾಡಿದ್ರೆ ಸ್ಲ್ಯಾಬಿನ ಮನುಷ್ಯ ಬರಿಗೈಲಿ ವಾಪಸ್ ಹೋಗ್ತಿರಲಿಲ್ಲ.

ಇದರಲ್ಲಿ ಕಾನೂನಿನ ಇನ್ನೊಂದು ಮಾತು ಗೊತ್ತಿರಬೇಕು. ಕೆಲಸ ಬಿಟ್ಟ ಮೇಲೆ ಈ ಊರಲ್ಲಿ ಇದೇ ಕೆಲಸ ಮಾಡಬಾರದು ಅಂತ ಅಸಿಸ್ಟೆಂಟಿಗೆ ಕಟ್ಟು ಹಾಕೋಕೆ ಆಗಲ್ಲ. ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ಉದ್ಯೋಗಕ್ಕೆ ತಡೆ ಹಾಕೋ ಒಪ್ಪಂದಕ್ಕೆ ಬೆಲೆ ಇಲ್ಲ. ಅದೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ: ಗುಡ್‌ವಿಲ್ ಮಾರಿದವರು ಅದೇ ಜಾಗದಲ್ಲಿ ಅದೇ ವ್ಯವಹಾರ ಮಾಡಲ್ಲ ಅಂತ, ನ್ಯಾಯವಾದ ಮಿತಿಯೊಳಗೆ, ಒಪ್ಪಿಕೊಳ್ಳಬಹುದು. ಅಂದ್ರೆ ಅಸಿಸ್ಟೆಂಟು ಗಿರಾಕಿಗಳನ್ನ ಕರ್ಕೊಂಡು ಹೋಗೋದನ್ನ ಬೈಗುಳದಿಂದ ತಡೆಯೋಕೆ ಆಗಲ್ಲ. ಪಾಲು ಕೊಟ್ಟು ಉಳಿಸ್ಕೋಬಹುದು.

ಕೊಳ್ಳೋರಿಗೂ ಭಯ ಇರುತ್ತೆ, ಅದನ್ನೂ ಅರ್ಥ ಮಾಡ್ಕೋಬೇಕು. ಅರ್ಧ ಆದ ಕಟ್ಟಡದ ಡಿಸೈನ್ ಒಪ್ಪಿಕೊಂಡ್ರೆ ಅವರು ಎಲ್ಲ ಲೋಡು, ಎಲ್ಲ ಕಂಬಿ ಮತ್ತೆ ಲೆಕ್ಕ ಹಾಕಬೇಕು. ತಾನು ಮಾಡದ ಡಿಸೈನಿಗೆ ತಾನು ಸಹಿ ಹಾಕೋದು ಸಣ್ಣ ಮಾತಲ್ಲ. ಸ್ಟಾಡ್ ಅಥವಾ ಇಟ್ಯಾಬ್ಸ್ ಫೈಲ್ ಸಿಕ್ಕಿದ್ರೆ ಈ ಕೆಲಸ ದಿನಗಳಲ್ಲಿ ಮುಗಿಯುತ್ತೆ. ಬರೀ ಪ್ರಿಂಟ್ ಸಿಕ್ಕಿದ್ರೆ ವಾರಗಳು. ಫೈಲುಗಳಿಗೆ ಬೆಲೆ ಬರೋದು ಇಲ್ಲಿ. ಇನ್ನು ಜಿಎಸ್‌ಟಿ ನೋಂದಣಿ ಇದ್ರೆ, ವ್ಯವಹಾರ ಕೈ ಬದಲಾಗೋವರೆಗಿನ ಹಳೇ ತೆರಿಗೆ ಬಾಕಿಗೆ ಕೊಂಡವರೂ ಹೊಣೆ ಆಗ್ತಾರೆ. ಸೇವೆ ಕೊಡೋರಿಗೆ ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇದ್ರೆ ಸಾಮಾನ್ಯವಾಗಿ ನೋಂದಣಿನೇ ಬೇಕಿಲ್ಲ, ಹಾಗಾಗಿ ಎಷ್ಟೋ ಸಣ್ಣ ಆಫೀಸುಗಳಿಗೆ ಈ ತಲೆನೋವು ಇಲ್ಲ. ಇರೋರು ಮಾತ್ರ ಲೆಕ್ಕ ಚುಕ್ತಾ ಮಾಡಿ ತೋರಿಸಬೇಕು.

ಮನೆಯವರ ಕಡೆಯಿಂದ ಸಹಿ ಹಾಕೋರು ಯಾರು ಅನ್ನೋದೂ ಪ್ರಶ್ನೆಯೇ. ವಿಲ್ ಇಲ್ಲದಿದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಕ್ಕಳು, ತೀರಿಕೊಂಡವರ ತಾಯಿ ಎಲ್ಲರಿಗೂ ಸಮಪಾಲು. ಅಂದ್ರೆ ನಮ್ಮ ಅಜ್ಜಿಗೂ ಪಾಲು ಇತ್ತು, ಪಾಪ ಅವರಿಗೇ ಗೊತ್ತಿರಲಿಲ್ಲ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಬೇಕು. ಬಾಕಿ ಕೊಡದವರ ಮೇಲೆ ಕೋರ್ಟಿಗೆ ಹೋಗೋದಾದ್ರೆ ಸಕ್ಸೆಷನ್ ಸರ್ಟಿಫಿಕೇಟ್ ಬೇಕು, ಫೀಸಿನ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಬ್ಯಾಂಕಿನ ನಾಮಿನಿ ದುಡ್ಡು ಪಡ್ಕೊಳ್ಳೋರು ಅಷ್ಟೇ, ಅದರ ಒಡೆಯರಲ್ಲ. ಒಂದು ಸಮಾಧಾನ ಏನಂದ್ರೆ, ತೀರಿಕೊಂಡವರ ಆದಾಯ ತೆರಿಗೆ ಬಾಕಿಯನ್ನ ಅವರು ಬಿಟ್ಟುಹೋದ ಆಸ್ತಿಯ ಮಿತಿಯೊಳಗೆ ಕಟ್ಟಿದ್ರೆ ಸಾಕು, ವಾರಸುದಾರರ ಸ್ವಂತ ದುಡ್ಡಿಗೆ ಕೈ ಹಾಕಲ್ಲ.

ಬೇರೆಯವರು ಏನು ಮಾಡ್ಕೊಂಡಿದ್ದಾರೆ?

ಚಾರ್ಟರ್ಡ್ ಅಕೌಂಟೆಂಟ್‌ಗಳು ನಮಗಿಂತ ಮುಂದಿದ್ದಾರೆ. ಒಬ್ಬರೇ ನಡೆಸ್ತಿದ್ದ ಸಿಎ ಫರ್ಮಿನ ಯಜಮಾನರು ತೀರಿಕೊಂಡ್ರೆ, ಮನೆಯವರು ಅದರ ಗುಡ್‌ವಿಲ್‌ನ ಇನ್ನೊಬ್ಬ ಅರ್ಹ ಸಿಎಗೆ ಮಾರೋಕೆ ಅವರ ಇನ್‌ಸ್ಟಿಟ್ಯೂಟ್ ಅವಕಾಶ ಮಾಡಿಕೊಟ್ಟಿದೆ. ಷರತ್ತು ಏನಂದ್ರೆ ಒಂದು ವರ್ಷದೊಳಗೆ ಮುಗಿಸಬೇಕು, ಅಲ್ಲಿವರೆಗೆ ಫರ್ಮಿನ ಹೆಸರನ್ನ ಬೇರೆಯವರಿಗೆ ಕೊಡದೆ ಕಾದಿರಿಸ್ತಾರೆ. ಈ ಒಂದು ವರ್ಷದ ನಿಯಮ ಎಷ್ಟು ಜಾಣತನದ್ದು ನೋಡಿ. ಅಳೋಕೂ ಸಮಯ ಇದೆ, ಮಾರೋಕೂ ಗಡುವು ಇದೆ. ಇಂಜಿನಿಯರ್‌ಗಳಿಗೆ ಇಂಥದ್ದಿಲ್ಲ. ವಕೀಲರಿಗೆ 1961ರ ಕಾಯ್ದೆ, ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದ್ದ ಹಾಗೆ ಇಂಜಿನಿಯರ್‌ಗಳಿಗೆ ದೇಶಕ್ಕೆಲ್ಲ ಒಂದು ಕಾಯ್ದೆ ಇಲ್ಲ. ಸೆಪ್ಟೆಂಬರ್ 15ಕ್ಕೆ ಭಾಷಣ ಇದೆ, ಅಷ್ಟೇ.

ನಮ್ಮ ಪ್ಲೇಸ್‌ಮೆಂಟ್ ದೇವರು ಮೆಕಿನ್ಸಿಯ ಕಥೆಯೂ ಇದೇ. ಜೇಮ್ಸ್ ಮೆಕಿನ್ಸಿ 1926ರಲ್ಲಿ ಶಿಕಾಗೋದಲ್ಲಿ ಇದನ್ನ ಶುರು ಮಾಡಿದ್ರು. 1937ರಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡಾಗ ಅವರಿಗೆ 48 ವರ್ಷ. ಅವರಿಲ್ಲದ ಕಂಪನಿ ತತ್ತರಿಸಿ 1939ರಲ್ಲಿ ಎರಡು ಹೋಳಾಯ್ತು. ಶಿಕಾಗೋ ಕಡೆಯದು ಎ.ಟಿ. ಕಿಯರ್ನಿ ಆಯ್ತು. ನ್ಯೂಯಾರ್ಕ್ ಕಡೆಯದನ್ನ ಕಟ್ಟಿದವರು ಮಾರ್ವಿನ್ ಬೋವರ್. ಅವರು ಬೋರ್ಡಿಗೆ ತಮ್ಮ ಹೆಸರು ಹಾಕ್ಕೊಳ್ಳದೆ ಮೆಕಿನ್ಸಿ ಹೆಸರನ್ನೇ ಉಳಿಸಿಕೊಂಡ್ರು. ತನ್ನ ಹೆಸರಿದ್ರೆ ಪ್ರತಿ ಗಿರಾಕಿಯೂ ತನ್ನನ್ನೇ ಕೇಳ್ತಾನೆ ಅನ್ನೋದು ಅವರ ಲೆಕ್ಕ. 1963ರಲ್ಲಿ 60 ವರ್ಷ ತುಂಬಿದಾಗ ತಮ್ಮ ಷೇರುಗಳನ್ನ ಮಾರುಕಟ್ಟೆ ಬೆಲೆಗಲ್ಲ, ಪುಸ್ತಕದ ಬೆಲೆಗೇ ಕಂಪನಿಗೆ ವಾಪಸ್ ಮಾರಿದ್ರು. ಮೊದಲನೆಯವರು ಹಠಾತ್ತಾಗಿ ಹೋದಾಗ ಕಂಪನಿ ಒಡೀತು. ಎರಡನೆಯವರು ಬದುಕಿದ್ದಾಗಲೇ ಕೈ ಬದಲಾಯಿಸಿದ್ರು, ಕಂಪನಿ ಬೆಳೀತು. ಇಷ್ಟು ದೊಡ್ಡ ಕಂಪನಿಗೇ ಹೀಗಾದ್ರೆ ಮೆಡಿಕಲ್ ಶಾಪ್ ಮೇಲಿನ ಎರಡು ರೂಮಿನ ಆಫೀಸಿನ ಗತಿ ಏನು?

‘ಮಗಳು ಓದ್ತಿದ್ದಾಳಲ್ಲ, ಅವಳು ಬರೋ ತನಕ ಇಟ್ಕೊಳ್ಳಿ’

ನಮ್ಮ ವಯಸ್ಸಿನವರಿಗೆ ಮುಖ್ಯವಾದ ಮಾತು ಇದು. ನಮ್ಮ ಮನೆಯಲ್ಲೂ ನನ್ನ ಕಡೆ ಕೈ ತೋರಿಸಿದೋರಿದ್ರು. ಮಾತು ಪ್ರೀತಿಯದ್ದೇ. ಆದ್ರೆ ಲೆಕ್ಕ ಸರಿ ಇಲ್ಲ. ಸೆಕೆಂಡ್ ಇಯರ್ ಹುಡುಗ-ಹುಡುಗಿ ಡಿಗ್ರಿ ಮುಗಿಸೋಕೆ ಇನ್ನೂ ಎರಡು ವರ್ಷದ ಮೇಲೆ ಬೇಕು. ಡಿಗ್ರಿ ಸಿಕ್ಕ ಮರುದಿನವೇ ಸ್ಟ್ರಕ್ಚರಲ್ ಇಂಜಿನಿಯರ್ ಅಂತ ಸಹಿ ಹಾಕೋಕೆ ಆಗಲ್ಲ, ಅನುಭವ ಬೇಕು. ಅಷ್ಟು ವರ್ಷ ಬೀಗ ಹಾಕಿದ ಆಫೀಸು ಬಾಡಿಗೆ ತಿನ್ನುತ್ತೆ, ಗಿರಾಕಿ ಉಳಿಸಲ್ಲ. ನಾಲ್ಕೈದು ವರ್ಷ ಬಿಟ್ಟು ಹೋದ್ರೆ ಸಿಗೋದು ಬೋರ್ಡು ಮಾತ್ರ, ಬೋರ್ಡು ಹೊಸದಾಗಿಯೂ ಬರೆಸಬಹುದು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಅಪ್ಪನ ಬೋರ್ಡು ಇಳಿಸಬಾರದು ಅನ್ನೋ ಒಂದೇ ಕಾರಣಕ್ಕೆ ಒಬ್ಬ 19 ವರ್ಷದವರ ಮುಂದಿನ ಜೀವನ ತೀರ್ಮಾನ ಆಗೋದು ನನಗೆ ಸರಿ ಕಾಣಲ್ಲ. ಆ ಕೆಲಸ ನಿಜವಾಗಿ ಇಷ್ಟ ಇರೋರು ಮಾಡಲಿ, ತುಂಬ ಒಳ್ಳೇದು. ಅವರಿಗೂ ನನ್ನ ಸಲಹೆ ಮಾರಿ ಅಂತಲೇ. ಮಾರುವಾಗ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಡಿಗ್ರಿ ಮುಗಿದ ಮೇಲೆ ಕೊಂಡವರ ಹತ್ರ ಟ್ರೇನಿಯಾಗಿ ಸೇರಿಸಿಕೊಳ್ಳಬೇಕು ಅಂತ. ಸತ್ತ ಆಫೀಸಿನ ಬೀಗದ ಕೈಗಿಂತ ನಡೀತಿರೋ ಆಫೀಸಿನಲ್ಲಿ ಒಂದು ಕುರ್ಚಿ ವಾಸಿ.

ಇನ್ನೊಂದು ಆಕ್ಷೇಪ ಇದೆ, ಅದನ್ನ ಹಗುರಾಗಿ ತಗೊಳ್ಳೋಕೆ ಆಗಲ್ಲ. ‘ಸತ್ತು 15 ದಿನ ಆಗಿಲ್ಲ, ದುಡ್ಡಿನ ಮಾತಾ?’ ಅಂತ ಜನ ಅಂತಾರೆ. ಹೆಂಡತಿ ಕೇಳಿದ್ರೆ ಇನ್ನೂ ಜಾಸ್ತಿ ಅಂತಾರೆ. ಆದ್ರೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಯಾರಿಗೆ ಒಳ್ಳೇದಾಯ್ತು ಯೋಚನೆ ಮಾಡಿ. ಮನೆ ಕಟ್ತಿದ್ದವರಿಗೆ ಆಗಲಿಲ್ಲ. ಅಸಿಸ್ಟೆಂಟಿಗೆ ಆಗಲಿಲ್ಲ. ದೊಡ್ಡಮ್ಮನಿಗಂತೂ ಇಲ್ಲವೇ ಇಲ್ಲ. ಮಾತಾಡೋ ಕೆಲಸ ಹೆಂಡತಿನೇ ಮಾಡಬೇಕು ಅಂತೇನಿಲ್ಲ. ತಮ್ಮನೋ, ಸ್ನೇಹಿತನೋ, ಅದೇ ಊರಿನ ಇನ್ನೊಬ್ಬ ಇಂಜಿನಿಯರೋ ಮುಂದೆ ನಿಂತು ಮಾಡಲಿ. ಹೂವಿನ ಹಾರ ತರೋದಕ್ಕಿಂತ ಅದು ದೊಡ್ಡ ಸಹಾಯ.

ಬದುಕಿರುವಾಗಲೇ ನಾಲ್ಕು ಹಾಳೆ

ನಿಜವಾದ ಪರಿಹಾರ ಯಜಮಾನರ ಕೈಯಲ್ಲೇ ಇದೆ, ಅದೂ ಅವರು ಗಟ್ಟಿಮುಟ್ಟಾಗಿರುವಾಗ. ಕಂಪನಿ ಕಾನೂನಿನಲ್ಲಿ ಒಂದು ಒಳ್ಳೇ ವಿಷಯ ಇದೆ. 2013ರ ಕಾಯ್ದೆಯಲ್ಲಿ ಒಬ್ಬರೇ ಸೇರಿ ಕಂಪನಿ ಮಾಡಬಹುದು, ಆದ್ರೆ ನೋಂದಣಿ ಮಾಡುವಾಗಲೇ ನೀವು ಹೋದ್ರೆ ಯಾರು ಅಂತ ಒಬ್ಬರ ಹೆಸರು ಕೊಡಲೇಬೇಕು. 2008ರ ಕಾಯ್ದೆಯ ಎಲ್‌ಎಲ್‌ಪಿ ಕೂಡ ಪಾಲುದಾರರು ಬದಲಾದ್ರೂ ನಡೀತಿರುತ್ತೆ. 1932ರ ಪಾರ್ಟ್‌ನರ್‌ಶಿಪ್‌ನಲ್ಲಿ ಡೀಡಿನಲ್ಲಿ ಬೇರೆ ಥರ ಬರೆಯದಿದ್ರೆ ಒಬ್ಬರು ತೀರಿಕೊಂಡ ಕೂಡಲೇ ಫರ್ಮ್ ವಿಸರ್ಜನೆ. ಪ್ರೊಪ್ರೈಟರ್‌ಶಿಪ್‌ನಲ್ಲಿ ಮಾತ್ರ ಈ ಪ್ರಶ್ನೆನ ಯಾರೂ ಕೇಳಲ್ಲ. ಹಾಗಾಗಿ ಮಕ್ಕಳಾದ ನಾವೇ ಕೇಳಬೇಕು.

ಕಂಪನಿ ಮಾಡೋದು ಎಲ್ಲರಿಗೂ ಆಗಲ್ಲ, ಖರ್ಚು ಇದೆ, ಪೇಪರ್ ಕೆಲಸ ಇದೆ. ಆದ್ರೆ ನಾಲ್ಕು ಹಾಳೆ ಬರೆಯೋಕೆ ಖರ್ಚಿಲ್ಲ. ಮೊದಲನೇ ಹಾಳೆ: ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು. ಎರಡನೇದು: ಈಗ ನಡೀತಿರೋ ಕೆಲಸಗಳು, ಪ್ರತಿಯೊಂದೂ ಯಾವ ಹಂತದಲ್ಲಿದೆ, ಫೈಲ್ ಯಾವ ಕಂಪ್ಯೂಟರಿನ ಯಾವ ಫೋಲ್ಡರಲ್ಲಿ. ಮೂರನೇದು: ಬ್ಯಾಂಕು, ಬಾಡಿಗೆ ಕರಾರು, ಸಾಫ್ಟ್‌ವೇರ್ ಲೈಸೆನ್ಸು, ಆಡಿಟರ್ ನಂಬರ್. ನಾಲ್ಕನೇದು ಎಲ್ಲಕ್ಕಿಂತ ಮುಖ್ಯ: ನಾನಿಲ್ಲದಾಗ ಈ ಕೆಲಸಗಳನ್ನ ಇಂಥ ಇಂಜಿನಿಯರ್‌ಗೆ ಒಪ್ಪಿಸಿ, ಅಸಿಸ್ಟೆಂಟಿಗೆ ಇಷ್ಟು ಪಾಲು ಕೊಡಿ, ಇಷ್ಟಕ್ಕಿಂತ ಕಡಿಮೆಗೆ ಒಪ್ಪಬೇಡಿ. ಆ ಇಂಜಿನಿಯರ್ ಜೊತೆ ಮೊದಲೇ ಮಾತಾಡಿ, ಅವರಿಗೂ ಇದೇ ಥರ ಹಾಳೆ ಬರೆಯೋಕೆ ಹೇಳಿದ್ರೆ ಒಬ್ಬರಿಗೊಬ್ಬರು ಆಗ್ತಾರೆ. ಮೂರು ತಿಂಗಳಿಗೊಮ್ಮೆ ತಿದ್ದಿದ್ರೆ ಸಾಕು. ವಿಲ್ ಬರೆಯೋರು ಇದನ್ನೂ ಅದಕ್ಕೆ ಸೇರಿಸಬಹುದು.

ಮಗಳು ಇದನ್ನ ಕೇಳಿದ್ರೆ ಅಪ್ಪನಿಗೆ ಬೇಜಾರಾಗಲ್ವಾ? ಮೊದಲು ಆಗಬಹುದು. ‘ನಾನು ಸಾಯೋದು ಕಾಯ್ತಿದ್ದೀಯಾ’ ಅಂತ ಬೈದ್ರೂ ಬೈಬಹುದು. ಸಾವಿನ ಮಾತು ಎತ್ತದೇನೇ ಶುರು ಮಾಡಿ. ‘ನೀವು 15 ದಿನ ಆಸ್ಪತ್ರೆಯಲ್ಲಿದ್ರೆ ಆಫೀಸು ಹೆಂಗೆ ನಡೆಯುತ್ತೆ?’ ಅಂತ ಕೇಳಿ. ಅದಕ್ಕೆ ಉತ್ತರ ಬರೆದ್ರೆ ನಾಲ್ಕರಲ್ಲಿ ಮೂರು ಹಾಳೆ ತಾನಾಗೇ ತುಂಬುತ್ತೆ.

ನಮ್ಮಲ್ಲಿ ಒಂದಿಷ್ಟು ಜನ ನಾಳೆ ಇಂಥದ್ದೇ ಆಫೀಸು ತೆರೀತೀವಿ. ಕಟ್ಟಡ ಡಿಸೈನ್ ಮಾಡುವಾಗ ಒಂದು ಕಂಬ ಹೋದ್ರೂ ಇಡೀ ಕಟ್ಟಡ ಕೂರಬಾರದು ಅಂತ ಮೇಷ್ಟ್ರು ಹೇಳಿಕೊಡ್ತಾರೆ. ಒಂದೇ ಕಂಬದ ಮೇಲೆ ನಿಂತಿರೋ ಆಫೀಸುಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಈ ದಸರಾ ರಜೆಗೆ ಊರಿಗೆ ಹೋದಾಗ, ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಇಟ್ಟ ಮೇಲೆ, ಅದರೊಳಗೆ ಏನೇನಿದೆ, ಯಾರಿಗೆ ಸೇರಬೇಕು ಅಂತ ಒಂದು ಗಂಟೆ ಕೂತು ಬರೆಸಿಕೊಳ್ಳಿ.